ಅಪ್ಪ ಹಾಕಿದ ಓಟು

"ಏಳೇ ಮೇಲೆ! ಒಲೆ ಹತ್ರ ನಿನಗೆ ಜಾಗ ಇಲ್ಲ."

ಸೈಲಸ್ ತಳ್ಳಿದ ರಭಸಕ್ಕೆ ಜೆರೂಷಾ ಪುಸ್ತಕದ ಸಮೇತ ಬೆಂಚಿನಿಂದ ಕೆಳಗೆ ಬಿದ್ದಳು. ಮೇಷ್ಟ್ರು ನೋಡಿದರು. ನೋಡಿ, ತಮ್ಮ ಪುಸ್ತಕದ ಹಾಳೆ ತಿರುವಿದರು. ಇಂಥ ಹೊತ್ತಿನಲ್ಲಿ ಕೆಲವು ದೊಡ್ಡವರಿಗೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ.

"ನಾನೇನೋ ಮಾಡಿದೆ?"

"ನೀನಲ್ಲ, ನಿಮ್ಮಪ್ಪ! ಊರೆಲ್ಲಾ ಸೇರಿ 'ಬೇಡ' ಅಂತ ಹೇಳಿ ಬಾಸ್ಟನ್ನಿಗೆ ಕಳಿಸಿದ್ರೆ, ಅಲ್ಲಿ ಹೋಗಿ 'ಬೇಕು' ಅಂತ ಓಟು ಹಾಕಿದಾನೆ. ಬರೀ ಹತ್ತೊಂಬತ್ತು ಓಟಲ್ಲಿ ಗೆದ್ರಂತೆ ಕಣೇ! ಅದ್ರಲ್ಲಿ ಒಂದು ನಿಮ್ಮಪ್ಪಂದು!"

ಜೆರೂಷಾ ಬಿದ್ದ ಪುಸ್ತಕಕ್ಕೆ ಕೈ ಚಾಚಿದಳು.

ಹೋದ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡ ಮನುಷ್ಯರೆಲ್ಲ ಕದ ಕಿಟಕಿ ಮುಚ್ಚಿಕೊಂಡು ದೇಶಕ್ಕೊಂದು ಹೊಸ ಸಂವಿಧಾನ ಬರೆದಿದ್ದರು. ಅದು ಬೇಕೋ ಬೇಡವೋ ಎಂದು ಒಂದೊಂದು ರಾಜ್ಯವೂ ಹೇಳಬೇಕಿತ್ತು. ಮ್ಯಾಸಚೂಸೆಟ್ಸ್‌ನ ಬೆಟ್ಟದ ಮೇಲಿನ ಈ ಊರು ಎರಡು ದಿನ ಕೂತು ಅದನ್ನು ಓದಿಸಿ ಕೇಳಿ, ಬೇಡ ಎಂದಿತ್ತು. ಹಿಂದಿನ ಚಳಿಗಾಲ ತೆರಿಗೆಯ ಕಾಟ ತಾಳಲಾರದೆ ರೈತರು ದಂಗೆ ಎದ್ದಾಗ ಸರ್ಕಾರ ಫಿರಂಗಿ ಹಾರಿಸಿತ್ತು. ಸೈಲಸ್‌ನ ಅಣ್ಣ ಜೋಯೆಲ್ ಅಲ್ಲೇ ಒಂದು ಕಾಲು ಕಳೆದುಕೊಂಡಿದ್ದ. ಈಗ ಇನ್ನೂ ದೊಡ್ಡ ಸರ್ಕಾರ, ಇನ್ನೂ ದೊಡ್ಡ ಸೈನ್ಯ ಯಾರಿಗೆ ಬೇಕು? ಆ 'ಬೇಡ'ವನ್ನು ಹೊತ್ತು ಬಾಸ್ಟನ್ನಿನಲ್ಲಿ ನಡೆದ ರಾಜ್ಯದ ಸಭೆಗೆ ಹೋದವನು ಊರಿನ ಗುಮಾಸ್ತ ಆಸಹೆಲ್ ಥೇಯರ್, ಜೆರೂಷಾಳ ಅಪ್ಪ.

ಸೈಲಸ್ ಬಗ್ಗಿ, ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ. "ನಮ್ಮಪ್ಪ ಕುಲುಮೆಯಲ್ಲಿ ಡಾಂಬರು ಕಾಯಿಸ್ತಾ ಇದಾರೆ. ನಿಮ್ಮಪ್ಪನ ಮೈಗೆ ಬಳಿದು ಕೋಳಿ ಪುಕ್ಕ ಅಂಟಿಸ್ತಾರೆ. ಆಮೇಲೆ ಕಿತ್ತರೆ ಚರ್ಮನೂ ಬರುತ್ತೆ, ಗೊತ್ತಾ?"

ಜೆರೂಷಾ ಪುಸ್ತಕ ಅಲ್ಲೇ ಬಿಟ್ಟು ಓಡಿದಳು.

ಮನೆಯಲ್ಲಿ ಅಪ್ಪ ಆಗಲೇ ಬಂದಿದ್ದ. ಬೂಟಿನ ಹಿಮ ಕರಗಿ ನೆಲವೆಲ್ಲ ನೀರು. ಮುಂದಿದ್ದ ಜೋಳದ ಗಂಜಿಯನ್ನು ಮುಟ್ಟಿರಲಿಲ್ಲ.

"ಹೋಗ್ಬೇಡಿ ಅಂದ್ರೆ! ಜ್ವರ ಅಂತ ಹೇಳಿ ಕಳಿಸ್ತೀನಿ," ಅಮ್ಮ ಗೋಗರೆಯುತ್ತಿದ್ದಳು.

"ಸಭೆ ಕರೆದಿದಾರೆ. ನಡಾವಳಿ ಬರೆಯೋನು ನಾನೇ. ನಾನೇ ಹೋಗದಿದ್ರೆ ಹೇಗೆ?" ಅಪ್ಪ ಎದ್ದ. "ಜೆರೂಷಾ, ಇಂಕು ತಗೋ."

ಬೆಂಕಿಯಿಲ್ಲದ ಪ್ರಾರ್ಥನಾ ಮಂದಿರದಲ್ಲೇ ಊರ ಸಭೆ. ಚಳಿಗಾಲದಲ್ಲಿ ಅಲ್ಲಿ ಇಂಕು ಕಲ್ಲಾಗುತ್ತದೆ. ಅದಕ್ಕೇ ಸಭೆಯಿದ್ದಾಗಲೆಲ್ಲ ಜೆರೂಷಾ ಸೀಸೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುವುದು ರೂಢಿ. ಇವತ್ತೂ ಸೀಸೆಯನ್ನು ಅವುಚಿಕೊಂಡು ಅಪ್ಪ, ಅಮ್ಮನ ಹಿಂದೆ ಹೊರಟಳು.

ದಾರಿಯಲ್ಲಿ ಕುಲುಮೆ. ಬಾಗಿಲಿನಿಂದ ಕಪ್ಪು ಹೊಗೆ ಬರುತ್ತಿತ್ತು. ಡಾಂಬರಿನ ವಾಸನೆ ಗಂಟಲಿಗೆ ಹತ್ತಿತು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

ಹೆಂಗಸರು, ಮಕ್ಕಳು ಮೇಲಿನ ಅಟ್ಟದಲ್ಲಿ ಕೂತರು. ಕೆಳಗೆ ಗಂಡಸರು ಕಿಕ್ಕಿರಿದಿದ್ದರು. ಅಧ್ಯಕ್ಷ ಪರ್ಲಿ ತಾತ ಬಾಯಿ ತೆರೆಯುವ ಮೊದಲೇ ಸೈಲಸ್‌ನ ಅಪ್ಪ, ಕಮ್ಮಾರ ಲೆಮ್ಯುಯೆಲ್ ಗುಡುಗಿದ. "ಕೇಳೋದೇನಿದೆ? ಎಳೀರಿ ಹೊರಗೆ!"

"ಅಪ್ಪಾ, ಮೊದ್ಲು ಕೇಳು, ಆಮೇಲೆ ಎಳೆಯುವಂತೆ," ಎಂದ ಊರುಗೋಲು ಹಿಡಿದಿದ್ದ ಜೋಯೆಲ್. "ಅವನೇನು ಓಡಿ ಹೋಗ್ತಾನಾ? ನಾನು ಓಡ್ತೀನಾ?"

ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಅಪ್ಪ ಎದ್ದು ನಿಂತ. "ನಿಮ್ಮ 'ಬೇಡ'ವನ್ನ ಜೇಬಲ್ಲಿ ಇಟ್ಕೊಂಡೇ ಹೋದೆ. ನಾಲ್ಕು ವಾರ ಕೂತು ಕೇಳಿದೆ. ನಮ್ಮ ಹಕ್ಕುಗಳನ್ನ ಎಲ್ಲಿ ಬರೆದಿದೀರಿ ಅಂತ ನಾನೂ ಕೇಳಿದೆ, ನನ್ನಂಥವರು ನೂರು ಜನ ಕೇಳಿದರು. ಕೊನೆಗೆ 'ಬೇಕು' ಅನ್ನೋರೇ, ಹಕ್ಕುಗಳ ತಿದ್ದುಪಡಿ ಪಟ್ಟಿ ಕಳಿಸೋಣ, ಸೇರಿಸೋಕೆ ಹೋರಾಡ್ತೀವಿ ಅಂತ ಮಾತು ಕೊಟ್ರು. ಆಗ ಹೂಂ ಅಂದೆ."

"ಮಾತು ತಪ್ಪಿದ್ರೆ?" ಗುಂಪಿನಿಂದ ಯಾರೋ ಕೇಳಿದರು.

ಅಪ್ಪ ಆ ಕಡೆ ತಿರುಗಿದ. "ತಪ್ಪಿದ್ರೆ ನಾನು ಮೋಸ ಹೋದೆ. ನಿಮ್ಮನ್ನೂ ಮುಳುಗಿಸಿದೆ."

"ಮೋಸ ಹೋದವನಲ್ಲ, ನೀನು ದ್ರೋಹಿ!" ಲೆಮ್ಯುಯೆಲ್ ಬೆಂಚು ಗುದ್ದಿದ. "ಹಾಗಂತಲೇ ಬರಿ ಪುಸ್ತಕದಲ್ಲಿ!"

ಪರ್ಲಿ ತಾತ ಕೈ ಎತ್ತಿಸಿದರು. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು.

"ಇಂಕು," ಎಂದ ಅಪ್ಪ.

ಜೆರೂಷಾ ಮೆಟ್ಟಿಲಿಳಿದಳು. ಎರಡೂ ಕಡೆ ಬೂಟುಗಳು, ದಪ್ಪ ಕೋಟುಗಳು, ಉಸಿರಿನ ಹೊಗೆ. ಒಬ್ಬರೂ ಅವಳಿಗೆ ದಾರಿ ಬಿಡಲಿಲ್ಲ. ನುಸುಳಿಕೊಂಡೇ ಹೋಗಿ ಸೀಸೆ ಇಟ್ಟಳು. ಅಪ್ಪ ಗರಿ ಅದ್ದಿ ಬರೆದ. ಬರೆದದ್ದನ್ನು ಸಭೆಗೆ ಓದಿ ಹೇಳಿದ ಮೇಲೇ ಅದು ಊರಿನ ತೀರ್ಮಾನವಾಗುವುದು. ಅಪ್ಪ ಓದಲು ಪುಸ್ತಕ ಎತ್ತಿದ.

"ನೀನು ಬೇಡ!" ಎಂದ ಲೆಮ್ಯುಯೆಲ್. "ಬರೆಯೋದೊಂದು, ಓದೋದೊಂದು ಮಾಡ್ತೀಯ. ಈ ಮಗು ಓದಲಿ. ಓದೇ."

ಜೆರೂಷಾ ಪುಟ ನೋಡಿದಳು. ಆ ಪದ ಅಲ್ಲೇ ಇತ್ತು. ಒಂದಕ್ಷರವೂ ಮಸುಕಾಗಿರಲಿಲ್ಲ. ಬಿಟ್ಟು ಓದಿದರೆ? ಪುಟ ಕಾಣುತ್ತಿರುವುದು ತನಗೆ, ಅಪ್ಪನಿಗೆ ಮಾತ್ರ. ಓದಿದರೆ ಇವರು ಈಗಲೇ ಅಪ್ಪನನ್ನು ಎಳೆದುಕೊಂಡು ಹೋದರೆ? ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣು ಮಿಟುಕಿಸಲಿಲ್ಲ, ತಲೆಯಾಡಿಸಲೂ ಇಲ್ಲ. ಸುಮ್ಮನೆ ಕಾಯುತ್ತಿದ್ದ.

"ಆಸಹೆಲ್ ಥೇಯರ್ ಊರಿನ ಮಾತು ಮೀರಿ ಓಟು ಹಾಕಿದ್ದಾನೆ," ಅವಳು ಓದತೊಡಗಿದಳು. "ಅವನು... ಅವನು ಈ ಊರಿಗೆ ದ್ರೋಹಿ ಎಂದು ಸಭೆ ತೀರ್ಮಾನಿಸಿದೆ. ಬರೆದವನು, ಆಸಹೆಲ್ ಥೇಯರ್, ಗುಮಾಸ್ತ."



"ಹಾಗೇ ಬರೆದಿದೆಯಾ?" ಲೆಮ್ಯುಯೆಲ್ ಕೇಳಿದ. ದನಿಯಲ್ಲಿ ಮೊದಲಿನ ಗುಡುಗು ಇರಲಿಲ್ಲ.

"ಹಾಗೇ."

ಅವನು ಬಂದು ಪುಟದ ಮೇಲೆ ಬೆರಳಿಟ್ಟು ತಾನೇ ನಿಧಾನವಾಗಿ ಓದಿದ. ಆಮೇಲೆ ಅಪ್ಪನನ್ನು ತುಂಬಾ ಹೊತ್ತು ದುರುಗುಟ್ಟಿ ನೋಡಿದ. "ನಿನ್ನ ಮೇಲೇ ಒಂದಕ್ಷರ ತಪ್ಪದೆ ಬರೆದಿದೀಯ. ಮನೆಗೆ ಹೋಗು, ಆಸಹೆಲ್. ನನ್ನ ಕಣ್ಣಿಗೆ ಬೀಳಬೇಡ."

ಬಾಗಿಲಲ್ಲಿ ಗಂಡಸರು ಎರಡು ಸಾಲಾಗಿ ನಿಂತಿದ್ದರು. ಯಾರೂ ಕೈ ಎತ್ತಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಅಪ್ಪ, ಮಗಳು ನಡುವೆ ಹಾದು ಹಿಮಕ್ಕೆ ಇಳಿದರು. ಅಮ್ಮ ಹಿಂದಿನಿಂದ ಬರುತ್ತಿದ್ದಳು.

ಅಪ್ಪ ಜೆರೂಷಾಳ ಕೈ ಹಿಡಿದ. ಇಷ್ಟು ಕೊರೆಯುವ ಚಳಿಯಲ್ಲೂ ಅವನ ಅಂಗೈ ಬೆವರಿತ್ತು. ಓ, ಅಪ್ಪನಿಗೂ ಭಯವೇ. ಇಷ್ಟು ಹೊತ್ತೂ. ಬಹುಶಃ ಬಾಸ್ಟನ್ನಿನಲ್ಲಿ ಎದ್ದು ನಿಂತು ಹೂಂ ಅಂದಾಗಲೂ.

ಅವಳು ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹೆಣೆದು, ಅಪ್ಪನ ಹೆಜ್ಜೆಗೆ ಹೆಜ್ಜೆ ಹಾಕಿದಳು.