ಎಡಗೈಯವರು ಎದುರಿಗೆ

ಮೊದಲ ಶನಿವಾರ ಕ್ಲಾಸಿನಲ್ಲಿ ನಾನು ಹೇಳಿದ ಮೊದಲ ಮಾತು, ಎಡಗೈಯವರು ಯಾರಾದರೂ ಇದ್ದರೆ ನನ್ನ ಎದುರಿಗೆ ಬಂದು ಕೂತುಕೊಳ್ಳಿ ಅಂತ. ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುವ ಕ್ರೋಶೆ ಕಲಿಸುವಾಗ ಹೀಗೆ ಮಾಡಲೇಬೇಕು. ಬಲಗೈಯವರು ಪಕ್ಕದಲ್ಲಿ ಕೂತು ನೋಡಿ ಕಲಿಯಬಹುದು. ಎಡಗೈಯವರು ಎದುರಿಗೆ ಕೂತರೆ ಕನ್ನಡಿ ನೋಡಿದ ಹಾಗೆ. ನನ್ನ ಕೈ ಹೋದ ಕಡೆಗೇ ಅವರ ಕೈಯೂ ಹೋಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಕೈ ಎತ್ತುವ ಮುಂಚೆ ಅವನು ಒಂದು ಗಳಿಗೆ ಯೋಚಿಸಿದ್ದನ್ನು ನಾನು ನೋಡಿದೆ, ಆದರೆ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಆಗ ನಾನು ಎಲ್ಲವನ್ನೂ ಹಾಗೇ ನೋಡುತ್ತಿದ್ದೆ.

ಅಕ್ಕ ತೀರಿಹೋಗಿ ಎರಡು ವರ್ಷವಾಗಿತ್ತು. ಈ ಪುಟ್ಟ ಗೊಂಬೆಗಳು ಅವಳ ಹುಚ್ಚು. ಅಂಗೈಯಲ್ಲಿ ಕೂರುವ ಆಮೆ, ಮೊಲ, ಟೋಪಿ ಹಾಕಿದ ಆಕ್ಟೋಪಸ್. ಇವನ್ನು ಒಂದೇ ಸಲಕ್ಕೆ ಹೆಣೆಯುವುದಿಲ್ಲ. ತಲೆ ಬೇರೆ, ಹೊಟ್ಟೆ ಬೇರೆ, ಕಿವಿ ಬೇರೆ. ಹತ್ತಿ ತುಂಬಿ ಆಮೇಲೆ ಒಂದಕ್ಕೊಂದು ಹೊಲಿಯಬೇಕು. ಅವಳು ಬಿಟ್ಟುಹೋದ ರಟ್ಟಿನ ಡಬ್ಬಿಯಲ್ಲಿ ತಲೆಯಿಲ್ಲದ ಮೊಲಗಳೂ ಕಾಲಿಲ್ಲದ ಆಮೆಗಳೂ ಇದ್ದವು. ಬಿಸಾಡಲು ಆಗಲಿಲ್ಲ. ವಿಡಿಯೋ ನೋಡಿ ಕಲಿತು ಎಲ್ಲವನ್ನೂ ಮುಗಿಸಿದೆ. ಮುಗಿದ ಮೇಲೂ ಕೈ ನಿಲ್ಲಲಿಲ್ಲ. ಮನೆಯ ತುಂಬ ಗೊಂಬೆ. ನೋಡಿದವರೆಲ್ಲ ಎಷ್ಟು ಮುದ್ದಾಗಿದೆ ಅನ್ನುತ್ತಿದ್ದರು. ಹೌದು, ಮುದ್ದಾಗಿದೆ ಅಂತ ನನಗೂ ಗೊತ್ತಿತ್ತು, ಗಣಿತದ ಉತ್ತರ ಗೊತ್ತಿರುವ ಹಾಗೆ.

ಅಕ್ಕ ಹೋದಾಗ ನಾನು ಅಳಲಿಲ್ಲ. ಬಂದ ನೆಂಟರು ಕಲ್ಲು ಮನಸ್ಸು ಅಂದರು. ಕಲ್ಲೇನೂ ಅಲ್ಲ, ಮರಗಟ್ಟಿತ್ತು. ಹಲ್ಲು ಕೀಳುವ ಮುಂಚೆ ವಸಡಿಗೆ ಇಂಜೆಕ್ಷನ್ ಕೊಟ್ಟಾಗ ಆಗುತ್ತದಲ್ಲ, ಹಾಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಅದಕ್ಕೆ ಇದರಿಂದ ತೊಂದರೆಯೇನೂ ಆಗಲಿಲ್ಲ. ಬಸ್ಸು ಹತ್ತಿದೆ, ಊಟ ಮಾಡಿದೆ, ಚಿಕ್ಕಮ್ಮನ ಮಗಳ ಮದುವೆಯಲ್ಲಿ ಫೋಟೋಗೂ ನಿಂತೆ. ಒಂದೇ ಒಂದು ಅನುಮಾನ ಮಾತ್ರ ಒಳಗೆ ಓಡಾಡುತ್ತಿತ್ತು, ಇದು ಇನ್ನು ಇಳಿಯುವುದೇ ಇಲ್ಲವೇನೋ ಅಂತ.

ಅಮ್ಮ ಸುಮ್ಮನಿರುವವಳಲ್ಲ. ಒಂದು ಚೀಲ ಗೊಂಬೆ ಹೊತ್ತುಕೊಂಡು ಹೋಗಿ ಲೈಬ್ರರಿಯ ಮಕ್ಕಳ ಕೋಣೆಗೆ ಕೊಟ್ಟಳು. ನಿಮ್ಮ ಮಗಳು ಇದನ್ನು ಕಲಿಸುತ್ತಾರಾ ಅಂತ ಲೈಬ್ರೇರಿಯನ್ ಕೇಳಿದ್ದಕ್ಕೆ ನನ್ನ ಪರವಾಗಿ ಅವಳೇ ಹೂಂ ಅಂದಳು. ಹೀಗೆ ನಾನು ಟೀಚರ್ ಆದೆ.

ಎದುರಿಗೆ ಬಂದು ಕೂತವನು ಬೋರ್ಡ್ ಬರೆಯುವ ಪೇಂಟರ್. ಅಂಗಡಿಗಳ ಹೆಸರು, ಗೇಟಿನ ಮೇಲೆ 'ಇಲ್ಲಿ ವಾಹನ ನಿಲ್ಲಿಸಬೇಡಿ', ಅಂಥವು. ತನ್ನ ಅಕ್ಕನ ಮಗುವಿಗೆ ಒಂದು ಕರಡಿ ಮಾಡಿಕೊಡಬೇಕು ಅಂತ ಬಂದಿದ್ದನಂತೆ. ಅಕ್ಷರ ಬರೆಯುವ ಕೈ ಅಲ್ಲವೇ, ಬೇಗ ಕಲಿಯುತ್ತಾನೆ ಅಂದುಕೊಂಡೆ. ಆದರೆ ನೂಲು ಅತ್ತ ಎಳೆದರೆ ಕಡ್ಡಿ ಇತ್ತ ಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಮಿಕ್ಕವರ ಕರಡಿಗಳಿಗೆ ಕಿವಿ ಬಂದ ಹೊತ್ತಿಗೆ ಅವನ ಕೈಯಲ್ಲಿ ಒಂದು ಕಂದು ಉಂಡೆ ಇತ್ತು. ಕ್ಲಾಸಿನ ಹಿರಿಯರಾದ ರಿಟೈರ್ಡ್ ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿ, ಆಲೂಗಡ್ಡೆ ಚೆನ್ನಾಗಿ ಬಂದಿದೆ ಅಂದರು. ಅಂದಿನಿಂದ ಅದರ ಹೆಸರು ಆಲೂಗಡ್ಡೆ.

ಪ್ರತಿ ವಾರ ನಾನು ಅದನ್ನು ಬಿಚ್ಚುತ್ತಿದ್ದೆ, ಅವನು ಮತ್ತೆ ಹೆಣೆಯುತ್ತಿದ್ದ. ನಾನು ತಲೆ ಬಗ್ಗಿಸಿ ಕುಣಿಕೆ ಎಣಿಸುವಾಗ ಅವನ ಕಣ್ಣು ನನ್ನ ಮುಖದ ಮೇಲಿರುತ್ತಿತ್ತು. ತಲೆ ಎತ್ತಿದರೆ ಸರಕ್ಕನೆ ನೂಲಿನ ಉಂಡೆಯ ಮೇಲೆ, ಅದು ಎಲ್ಲಿ ಓಡಿಹೋಗುತ್ತದೋ ಅನ್ನುವಂತೆ. ಒಮ್ಮೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಸಿಕ್ಕಿಬಿದ್ದವನು ಮೆಲ್ಲಗೆ ಕೇಳಿದ.

"ನೀವು ನಕ್ಕರೆ ಹೇಗಿರುತ್ತೆ ಟೀಚರ್?"

"ಗೊತ್ತಿಲ್ಲ. ನಾನೂ ನೋಡಿ ತುಂಬಾ ದಿನ ಆಯ್ತು."

ತಮಾಷೆಗೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದೆ. ಅವನು ನಗಲಿಲ್ಲ. ಅದು ಮಾತ್ರ ಮನೆಗೆ ಬಂದ ಮೇಲೂ ನೆನಪಿತ್ತು.

ಅವನ ತಪ್ಪು ಎಲ್ಲಾಗುತ್ತದೆ ಅನ್ನುವುದು ನನಗೆ ಹಿಡಿಯಲು ಸಿಗಲಿಲ್ಲ. ಹಾಗಾಗಿ ಸಂಜೆ ಹೊತ್ತು ನಾನೇ ಎಡಗೈಯಲ್ಲಿ ಕಡ್ಡಿ ಹಿಡಿದು ಕೂತೆ. ಮೊದಲು ಬೆರಳು ಸೆಟೆದುಕೊಂಡಿತು. ನನ್ನ ಕೈಯಲ್ಲೂ ಆಲೂಗಡ್ಡೆಯೇ ಹುಟ್ಟಿತು. ಬಿಚ್ಚಿ ಮತ್ತೆ ಹೆಣೆದೆ. ಕೆಲವು ವಾರ ಕಳೆಯುವಷ್ಟರಲ್ಲಿ ಎಡಗೈಯಲ್ಲೇ ಒಂದು ಇಡೀ ಕರಡಿ ಮಾಡಿದೆ. ಅಮ್ಮ ಟಿವಿ ನೋಡುತ್ತಾ ಓರೆಗಣ್ಣಲ್ಲಿ ನನ್ನನ್ನೂ ನೋಡುತ್ತಿದ್ದಳು.

ಒಂದು ಮಂಗಳವಾರ ಎಕ್ಸ್‌ರೇ ಕೋಣೆಯ ಬಾಗಿಲು ತೆರೆದರೆ ಎದುರಿಗೆ ಅವನು. ಏಣಿಯಿಂದ ಬಿದ್ದು ಮಣಿಕಟ್ಟು ಊದಿತ್ತು. ಬಲಗೈ. ನಾನು ಅವನ ಕೈಯನ್ನು ಹಿಡಿದು ಪ್ಲೇಟಿನ ಮೇಲಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಎಲ್ಲರಿಗೂ ಮಾಡುವ ಕೆಲಸವೇ. ಅವನು ಹಲ್ಲು ಕಚ್ಚಿಕೊಂಡು, ಇದು ಬೇಗ ಸರಿಹೋಗುತ್ತದಾ, ಕೆಲಸದ ಕೈ ಇದೇ, ಈ ವಾರ ಎರಡು ಬೋರ್ಡ್ ಬರೆದು ಕೊಡಬೇಕು ಅಂದ.

ನಾನು ಅವನ ಬೆರಳು ಹಿಡಿದುಕೊಂಡೇ ನಿಂತೆ.

"ನೀವು ಎಡಚ ಅಲ್ವಾ?"

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಗೋಡೆ ನೋಡಿದ, ಮಷೀನ್ ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಅಲ್ಲ ಟೀಚರ್. ಪಕ್ಕದಲ್ಲಿ ಕೂತಿದ್ರೆ ನಿಮ್ಮ ಕೈ ಮಾತ್ರ ಕಾಣ್ತಿತ್ತು."

ಎಕ್ಸ್‌ರೇ ತೆಗೆದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಹೊರಗೆ ಕೂತಿರಿ, ಡಾಕ್ಟರ್ ಕರೆಯುತ್ತಾರೆ ಅಂದೆ. ಅವನು ಏನೋ ಹೇಳಲು ಬಾಯಿ ತೆರೆದಾಗ ಮುಂದಿನವರನ್ನು ಕರೆದೆ.

ಕಿವಿ ಬಿಸಿಯಾಗಿತ್ತು. ಜ್ವರ ಬಂತೇನೋ ಅಂದುಕೊಂಡು ಹಣೆ ಮುಟ್ಟಿ ನೋಡಿಕೊಂಡೆ. ಜ್ವರವಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಗೊತ್ತಾಯಿತು, ಪಿತ್ತ ನೆತ್ತಿಗೇರಿದೆ ಅಂತ. ಅಷ್ಟೊಂದು ಸಂಜೆ, ಬೆರಳು ನೋಯಿಸಿಕೊಂಡು, ಯಾರಿಗೋಸ್ಕರ? ಇಲ್ಲದ ಎಡಗೈಗೆ.

ಮನೆಗೆ ಬಂದಾಗ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಅಮ್ಮ, ನಂಗೆ ಕೋಪ ಬಂದಿದೆ."

ಅಮ್ಮ ಕೈಯಲ್ಲಿದ್ದ ಟವೆಲ್ಲನ್ನು ಹಾಗೇ ಬಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ಪೂರ್ತಿ ಕೇಳಿದಳು. ಬೇರೆ ತಾಯಂದಿರು ಮಗಳಿಗೆ ರ‍್ಯಾಂಕ್ ಬಂದಾಗ ಖುಷಿಪಡುವಂತೆ ಅವಳ ಮುಖ ಅರಳುತ್ತಾ ಹೋಯಿತು. ಇನ್ನೂ ಇದೆಯಾ ಅಂತ ಕೇಳಿದಳು. ಇದೆ ಅಂದೆ. ಇರಲಿ ಇರಲಿ, ಊಟ ಆಮೇಲೆ ಮಾಡಿದರಾಯಿತು ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟವೆಲ್ ಕೈಗೆತ್ತಿಕೊಂಡಳು.

"ಅವನು ಸುಳ್ಳು ಹೇಳಿದ, ಸರಿ. ನೀನ್ಯಾಕೆ ಎಡಗೈಲಿ ಹೆಣೆಯೋದು ಕಲ್ತೆ?"

"ತಪ್ಪು ಎಲ್ಲಾಗ್ತಿದೆ ಅಂತ ಗೊತ್ತಾಗ್ಲಿ ಅಂತ."

"ಮೇಷ್ಟ್ರು ಕಣ್ಣು ಕಾಣದೆ ತಪ್ಪು ಮಾಡ್ತಾರೆ ಅಂತಿದ್ದೆ. ಅವರಿಗೋಸ್ಕರ ಕಣ್ಣು ಮುಚ್ಕೊಂಡು ಹೆಣೆದು ನೋಡಿದ್ಯಾ?"

ನಾನೂ ಅವಳ ಪಕ್ಕದಲ್ಲಿ ಬಟ್ಟೆ ಮಡಚಲು ಕೂತೆ.

ಕೋಪವನ್ನು ನಾನು ಜೋಪಾನ ಮಾಡಿದೆ. ಎರಡು ವರ್ಷದಲ್ಲಿ ಬಂದ ಮೊದಲ ಅತಿಥಿ. ಬೆಳಿಗ್ಗೆ ಎದ್ದ ಕೂಡಲೇ ಇದೆಯಾ ಅಂತ ನೋಡುತ್ತಿದ್ದೆ. ಬುಧವಾರ ಇತ್ತು. ಗುರುವಾರ ಅರ್ಧ ಇತ್ತು. ಶುಕ್ರವಾರ ತಡಕಾಡಿದರೂ ಸಿಗಲಿಲ್ಲ. ಮತ್ತೆ ಅದೇ ಮರಗಟ್ಟಿದ ವಸಡು. ಇಷ್ಟೇ ನನ್ನ ಪಾಲಿಗೆ ಅಂದುಕೊಂಡೆ.

ಶನಿವಾರ ಅವನು ಬರಲಿಲ್ಲ. ಎದುರಿನ ಕುರ್ಚಿ ಖಾಲಿ. ಅವತ್ತಿನ ಪಾಠ ಬಾತುಕೋಳಿಯ ಕೊಕ್ಕು. ಕೈ ತಾನಾಗಿ ಕಲಿಸುತ್ತಿತ್ತು, ಕಣ್ಣು ಮಾತ್ರ ಅಡಿಗಡಿಗೆ ಆ ಕುರ್ಚಿಗೆ ಹೋಗಿ ಬರುತ್ತಿತ್ತು. ಎದೆಯ ಕೆಳಗೆ ಏನೋ ಹಿಡಿದುಕೊಂಡ ಹಾಗಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ನೀರು ಕುಡಿದೆ. ಇಳಿಯಲಿಲ್ಲ. ಆಲೂಗಡ್ಡೆಯವರು ಯಾಕೆ ಬಂದಿಲ್ಲ ಅಂತ ಮೇಷ್ಟ್ರು ಕೇಳಿದಾಗ ಅದು ಇನ್ನೊಂದು ಸುತ್ತು ಬಿಗಿಯಾಯಿತು. ನಾನು ಬಾತುಕೋಳಿಗೆ ಎರಡು ಕೊಕ್ಕು ಹೊಲಿದಿದ್ದೆ. ಯಾರೂ ಹೇಳಲಿಲ್ಲ, ಮರ್ಯಾದಸ್ಥರು.

ಕ್ಲಾಸು ಮುಗಿಸಿ ಅವನ ಅಂಗಡಿ ಹುಡುಕಿಕೊಂಡು ಹೋದೆ. ಜಗಳ ಆಡೋಣ, ಕೋಪ ತಿರುಗಿ ಬಂದರೆ ಬರಲಿ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಬಾಗಿಲು ತೆರೆದಿತ್ತು. ಒಳಗೆ ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿಸಿದ ಅರ್ಧ ಬರೆದ ಬೋರ್ಡುಗಳು. ಅವನು ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರ್ ಹಾಕಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಬ್ರಷ್ ಹಿಡಿದಿದ್ದ. ಬಟ್ಟೆ ಅಂಗಡಿಯ ಬೋರ್ಡು. ಅಕ್ಷರಗಳು ಕುಡಿದವರ ಹಾಗೆ ಒಬ್ಬರ ಮೇಲೊಬ್ಬರು ವಾಲಿಕೊಂಡಿದ್ದವು. ನನ್ನನ್ನು ನೋಡಿ ಎದ್ದು ನಿಂತ.

ಕ್ಷಮಿಸಿ ಅಂದ. ಮುಖ ತೋರಿಸಲು ಧೈರ್ಯ ಸಾಲಲಿಲ್ಲ, ಅದಕ್ಕೇ ಕ್ಲಾಸಿಗೆ ಬರಲಿಲ್ಲ ಅಂದ. ಜೋಡಿಸಿಕೊಂಡು ಬಂದ ಜಗಳ ಬಿಟ್ಟು ನಾನು ಆ ವಾಲಿದ ಅಕ್ಷರಗಳನ್ನೇ ನೋಡುತ್ತಾ ನಿಂತೆ.

"ಮೊದ್ಲು ಸುಮ್ನೆ ನೋಡ್ಬೇಕು ಅನ್ನಿಸ್ತು, ಅಷ್ಟೇ," ಅಂದ. "ಆಮೇಲೆ ನೀವು ಪ್ರತಿ ವಾರ ಬೇಸರ ಮಾಡ್ಕೊಳ್ದೆ ಅದನ್ನ ಬಿಚ್ಚಿ ಕೊಡ್ತಿದ್ರಲ್ಲ, ಆಗ ಇಷ್ಟ ಆದ್ರಿ. ಹೇಳೋಕೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಇಷ್ಟು ಹೇಳಿ ಅವನು ಬ್ರಷ್ಷನ್ನು ನೋಡುತ್ತಾ ನಿಂತ. ಹೂಂ ಅಂದರೆ ಸುಳ್ಳಾಗುತ್ತದೆ, ಊಹೂಂ ಅಂದರೂ ಸುಳ್ಳಾಗುತ್ತದೆ. ಈಗಾಗಲೇ ನಮ್ಮ ಮಧ್ಯೆ ಒಂದು ಸುಳ್ಳು ಸಾಕಷ್ಟು ಓಡಾಡಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಂಗೆ ಇಷ್ಟ, ಪ್ರೀತಿ, ಅಂಥದ್ದೇನೂ ಅನ್ಸಲ್ಲ. ಯಾವುದರ ಬಗ್ಗೆನೂ ಅನ್ಸಲ್ಲ. ಅಕ್ಕ ಹೋದಾಗಲೂ ಅನ್ನಿಸ್ಲಿಲ್ಲ. ಇದು ನಿಮಗೆ ಗೊತ್ತಿರ್ಬೇಕು."

ಅವನು ತಲೆಯಾಡಿಸಿದ.

"ಆದ್ರೆ ಇವತ್ತು ನೀವು ಬರ್ಲಿಲ್ಲ. ನಂಗೆ ಬೇಜಾರಾಯ್ತು."

"ತುಂಬಾನಾ?"

ಅವನು ಛೇಡಿಸುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದ. ಹಾಗಾಗಿ ನಾನೂ ನಿಜವಾಗಿ ಯೋಚಿಸಿದೆ. ಸ್ವಲ್ಪ ಅಂದೆ. ಸ್ವಲ್ಪ ಜಾಸ್ತಿ ಅಂದೆ. ಬೇಜಾರು ಅನ್ನುವ ಆ ಸಣ್ಣ ಮಾತು ಬಾಯಿಂದ ಆಚೆ ಬಂದಿತ್ತು, ಮನಸ್ಸಿನ ಬಾಗಿಲು ಮುಚ್ಚುವಷ್ಟರಲ್ಲಿ ಅದರ ಹಿಂದೆಯೇ ಅಕ್ಕ ಬಂದಳು. ನೂಲು ಕತ್ತರಿಸಲು ಕತ್ತರಿ ಹುಡುಕದೆ ಹಲ್ಲಲ್ಲೇ ಕಚ್ಚುವ ಅಕ್ಕ, ತಲೆಯಿಲ್ಲದ ಮೊಲವನ್ನು ನನ್ನ ದಿಂಬಿನ ಕೆಳಗಿಟ್ಟು ಹೆದರಿಸುವ ಅಕ್ಕ. ನಾನು ಅಲ್ಲೇ, ಬಣ್ಣದ ಡಬ್ಬಿಗಳ ಮಧ್ಯೆ ನೆಲದ ಮೇಲೆ ಕೂತು ಅತ್ತೆ. ಸದ್ದು ಮಾಡಿ ಅತ್ತೆ.

ಅವನು ಪಕ್ಕದಲ್ಲಿ ಬಂದು ಕೂತು, ಬ್ರಷ್ ಪಕ್ಕಕ್ಕಿಟ್ಟು, ಎಡಗೈಯಿಂದ ನನ್ನ ಕೈ ಹಿಡಿದ. ಆ ಕೈಗೆ ಅಳತೆ ಗೊತ್ತಿಲ್ಲ. ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದಿತ್ತು.

ನೋಯಿತು. ಬಿಡಬೇಡಿ ಅಂದೆ.