ಮಂಜಿನಲ್ಲಿ ನಾಲ್ಕನೆಯ ಸುತ್ತು

"ಅಲ್ಲಿ ಕಾಲಿಡಬ್ಯಾಡಿ. ಕೆಳಗೆ ನೆಲ ಇಲ್ಲ."

ಬೆನ್ನ ಹಿಂದಿನಿಂದ ಬಂದ ಮಾತು ಕನ್ನಡದ್ದು! ಎತ್ತಿದ್ದ ಕಾಲನ್ನು ಭಾನುಪ್ರಿಯಾ ಹಾಗೇ ಹಿಂದಕ್ಕೆ ಎಳೆದುಕೊಂಡಳು.

ಪೋಲೆಂಡ್ ದೇಶದ ಕ್ರಾಕೋವ್ ಎಂಬ ಹಳೆಯ ಪಟ್ಟಣ ಅದು. ದಾರಿ ತಪ್ಪಿ ಯಾವುದೋ ಕಮಾನಿನ ಕೆಳಗೆ ನುಗ್ಗಿದ್ದಳು. ಫೋನಿನ ಬೆಳಕು ಬಿಟ್ಟು ನೋಡಿದರೆ ಮುಂದೆ ಮೆಟ್ಟಿಲು ಕುಸಿದ ನೆಲಮಾಳಿಗೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ತಿರುಗಿದಳು. ಸೈಕಲ್ಲು ಹಿಡಿದು, ಬೆನ್ನಿಗೆ ಊಟದ ದೊಡ್ಡ ಚೀಲ ಕಟ್ಟಿಕೊಂಡ ಒಬ್ಬ ಹುಡುಗ ನಿಂತಿದ್ದ.

"ನಾನು ಕನ್ನಡದೋಳು ಅಂತ ಹೇಗೆ ಗೊತ್ತಾಯ್ತು?"

"ಈಗ ತಾನೆ ಫೋನ್‌ನಾಗೆ ಅಜ್ಜಿ ಹತ್ರ ಜಗಳ ಆಡ್ತಿದ್ರಲ್ಲ. ನಮ್ಮ ಕಡೇ ಜಗಳ ನಂಗೆ ಗೊತ್ತಾಗಲ್ವಾ?"

ಹೆಸರು ಕೀರ್ತಿರಾಜ್. ಹಾಸನದ ಪಕ್ಕದ ಮೊಸಳೆ ಎಂಬ ಊರಿನವನು. ಮನೆಮನೆಗೆ ಊಟ ತಲುಪಿಸುವ ಕೆಲಸ. ಅವಳು ಅರಕಲಗೂಡು ತಾಲ್ಲೂಕಿನ ಕೊಣನೂರಿನವಳು, ಆಲೂಗಡ್ಡೆಗೆ ಬರುವ ರೋಗದ ಬಗ್ಗೆ ಓದಲು ಬಂದಿದ್ದಳು. ಹಾಸನದ ಆಲೂಗಡ್ಡೆ ಬಿಟ್ಟು ಇಷ್ಟು ದೂರ ಬಂದಿರಾ ಎಂದು ಅವನು ನಕ್ಕಾಗ ಅವಳಿಗೂ ನಗು ಬಂದಿತ್ತು.

ಅಂದಿನಿಂದ ಪ್ರತಿ ಭಾನುವಾರ ಇಬ್ಬರೂ ಕಾಲುನಡಿಗೆಯಲ್ಲಿ ಊರು ಸುತ್ತಿದರು. ದೊಡ್ಡ ಚೌಕ, ಅರಮನೆ, ಎಲ್ಲರೂ ಫೋಟೋ ತೆಗೆಯುವ ಜಾಗಗಳಿಗೆ ಅವನು ಕರೆದೊಯ್ಯಲೇ ಇಲ್ಲ. ಊಟ ಹೊತ್ತು ತಿರುಗಿ ಕಂಡುಕೊಂಡ ಮೂಲೆಗಳನ್ನು ತೋರಿಸಿದ. ಭುಜ ಓರೆ ಮಾಡಿ ದಾಟಬೇಕಾದ ಓಣಿ. ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿದ ಬೀದಿ. ಯಾರೂ ಇಲ್ಲದ ಅಂಗಳದಲ್ಲಿ ತನ್ನಷ್ಟಕ್ಕೆ ಕಾಯಿ ಉದುರಿಸುವ ಒಂದು ಆಕ್ರೋಟಿನ ಮರ.

ಅಕ್ಟೋಬರಿನ ಕೊನೆಯಲ್ಲಿ ಅವನು ತೋರಿಸಿದ್ದು ಊರಂಚಿನ ಒಂದು ಪುಟ್ಟ ಹಳೆಯ ಚರ್ಚು. ಸುತ್ತ ಎತ್ತರದ ಗೋಡೆ, ಒಳಗೆ ಯಾರೂ ನೆನೆಯದ ಸಮಾಧಿಗಳು. ಅಲ್ಲೇ ನಿಂತು ಅವನು ಮನಸ್ಸು ಬಿಚ್ಚಿದ. ಅವಳ ಬಾಯಿ ಕಟ್ಟಿಹೋಯಿತು.

ಹೇಗೆ ಹೇಳುವುದು? ಅವಳಿಗೆ ಆರು ವರ್ಷವಿದ್ದಾಗ ಅಪ್ಪ ಹೋಗಿದ್ದ, ಹನ್ನೊಂದಕ್ಕೆ ಅಮ್ಮ. ತಾನು ಹಚ್ಚಿಕೊಂಡವರು ಉಳಿಯುವುದಿಲ್ಲ ಎಂಬ ಹೆದರಿಕೆ ಎಲುಬಿಗೆ ಇಳಿದಿತ್ತು. ಇವನನ್ನೂ ಹಚ್ಚಿಕೊಂಡರೆ...

ಅವನು ಆ ಮೌನವನ್ನು ಒಲ್ಲೆ ಎಂದೇ ತಿಳಿದ. ವಾರ ಕಳೆದು ಫೋನ್ ಮಾಡಿದ. ದೂರದ ಬಂದರಿನ ಊರಿನಲ್ಲಿ ಕೆಲಸ ಸಿಕ್ಕಿದೆಯಂತೆ, ಅಂದೇ ಸಂಜೆ ಆರು ಗಂಟೆಗೆ ರೈಲಂತೆ.

"ನಾಲ್ಕು ಗಂಟೆಗೆ ಆ ಚರ್ಚಿನ ತಾವ ಇರ್ತೀನಿ. ನೀವು ಬಂದ್ರೆ ರೈಲು ಹತ್ತಾಕಿಲ್ಲ. ಬರ್ಲಿಲ್ಲ ಅಂದ್ರೆ ಐದು ಗಂಟೆಗೆ ಒರಟ್ಬುಡ್ತೀನಿ. ಆಮ್ಯಾಕೆ ನಿಮಗೆ ಕಾಟ ಕೊಡಾಕಿಲ್ಲ."

ಅಂದು ನವೆಂಬರ್ ಎರಡು. ಆ ದೇಶದವರು ಸತ್ತವರಿಗೆ ದೀಪ ಹಚ್ಚುವ ದಿನ. ಬೆಳಿಗ್ಗೆ ಫೋನಿನಲ್ಲಿ ಅಜ್ಜಿ ಮಾಯಮ್ಮನಿಗೆ ಇದನ್ನು ಹೇಳಿ ತಪ್ಪು ಮಾಡಿದಳು.

"ಅಂಗಾರೆ ಅಲ್ಲೂ ಮಾರ್ಲಾಮಿನಾ? ಹಿರೀಕರು ಬರೋ ದಿನ ಕಣವ್ವಾ. ಒತ್ತು ಮುಳುಗೋ ಒತ್ನಲ್ಲಿ ಎಲ್ಲೂ ಓಗಬ್ಯಾಡ. ನಂಗೆ ಕನಸು ಸರಿಯಾಗಿ ಬಿದ್ದಿಲ್ಲ."

ಆದರೂ ಹೊರಟಳು. ದಾರಿಯುದ್ದಕ್ಕೂ ಮಂಜು. ಚಳಿಗೆ ಫೋನು ಸತ್ತುಹೋಯಿತು. ಚರ್ಚಿನ ಗೇಟು ದಾಟಿದಾಗ ನಾಲ್ಕೂವರೆಯಾಗಿರಬೇಕು, ಬೆಳಕು ಆಗಲೇ ಹೋಗಿತ್ತು.

ಅವನಿಲ್ಲ.

ಆಚೆ ಬದಿಯಲ್ಲಿ ಇರಬಹುದೇ? ಚರ್ಚನ್ನು ಸುತ್ತತೊಡಗಿದಳು. ಹಿಂಬದಿಯಲ್ಲಿ ಕೆಂಪು ಗಾಜಿನೊಳಗೆ ಒಂದು ದೀಪ ಉರಿಯುತ್ತಿತ್ತು. ಈಗ ತಾನೇ ಹಚ್ಚಿದಂತಿತ್ತು, ಬತ್ತಿಯ ತುದಿ ಇನ್ನೂ ಚಟಪಟ ಎನ್ನುತ್ತಿತ್ತು. ಹಚ್ಚಿದವರು ಕಾಣಲಿಲ್ಲ.

ಎರಡನೆಯ ಸುತ್ತಿಗೆ ಅಲ್ಲಿ ಎರಡು ದೀಪಗಳಿದ್ದವು.

ಮುಂದೆ, ಮೂಲೆಯಾಚೆ, ಒದ್ದೆ ಎಲೆಗಳ ಮೇಲೆ ಯಾರೋ ನಡೆಯುವ ಸದ್ದು. ಅವಳು ನಿಂತಳು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಅವಳು ನಡೆದಳು. ಅದೂ ನಡೆಯಿತು. ಓಡಿ ಮೂಲೆ ತಿರುಗಿದರೆ ಬರೀ ಮಂಜು.

ಹೆಸರು ಹಿಡಿದು ಕೂಗಲು ಬಾಯಿ ತೆರೆದಳು. ಆಗಲಿಲ್ಲ. ಮುಸ್ಸಂಜೆಯಲ್ಲಿ, ಅದೂ ಸಮಾಧಿಗಳ ನಡುವೆ, ಹೆಸರು ಕೂಗಿದರೆ ಕೇಳಬಾರದವರು ಕೇಳಿಸಿಕೊಳ್ಳುತ್ತಾರೆ ಎಂದು ಮಾಯಮ್ಮ ಹೇಳಿದ್ದು ನಾಲಿಗೆಯನ್ನು ಹಿಡಿದುಬಿಟ್ಟಿತು.

ಮೂರನೆಯ ಸುತ್ತಿಗೆ ದೀಪಗಳು ಮೂರಾಗಿದ್ದವು. ಎಲ್ಲೋ ದೂರದಲ್ಲಿ ನಾಲ್ಕೂ ಮುಕ್ಕಾಲರ ಗಂಟೆ ಬಾರಿಸಿತು. ಇನ್ನು ಕಾಲು ಗಂಟೆ. ಅವನು ಹೊರಟೇಹೋದನೇ? ಅಥವಾ ಆ ಕತ್ತಲ ರಸ್ತೆಯಲ್ಲಿ ಸೈಕಲ್ಲು ಜಾರಿ... ಮುಂದೆ ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಬಲಗೈ ಮರಗಟ್ಟಿತ್ತು. ನೋಡಿಕೊಂಡಳು. ಮೂರು ಸುತ್ತೂ ಆ ಕೈ ಚರ್ಚಿನ ಗೋಡೆಯನ್ನೇ ಸವರಿಕೊಂಡು ಬಂದಿತ್ತು. ಬೆರಳ ತುದಿಗಳೆಲ್ಲ ಪಾಚಿ.

ಅಯ್ಯೋ... ಪ್ರದಕ್ಷಿಣೆ!

ಯಾರೂ ಹೇಳದೆ, ತನಗೇ ತಿಳಿಯದೆ, ಗುಡಿಯನ್ನು ಸುತ್ತುವ ಹಾಗೆ ಚರ್ಚನ್ನು ಬಲಕ್ಕಿಟ್ಟುಕೊಂಡೇ ಸುತ್ತಿದ್ದಳು. ಅವನೋ ಮೊಸಳೆಯ ಜೋಡಿ ಗುಡಿಗಳ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಅವನ ಕಾಲು ಮಾತ್ರ ಬೇರೆ ದಿಕ್ಕಿಗೆ ಹೋದೀತೇ? ಇಬ್ಬರೂ ಹೀಗೆ ಒಬ್ಬರ ಹಿಂದೆ ಒಬ್ಬರು ಸುತ್ತುತ್ತಿದ್ದರೆ ಬೆಳಗಿನವರೆಗೂ ಸಿಗುವುದಿಲ್ಲ.

ತಿರುಗಿ ನಡೆಯಬೇಕು. ಅಷ್ಟೇ.

ಆದರೆ ಕಾಲು ಏಳಲಿಲ್ಲ. ಎಡಕ್ಕಿಟ್ಟು ಸುತ್ತುವುದು ಹೆಣವನ್ನು ಮಾತ್ರ. ಅಂಥ ಸುತ್ತನ್ನು ಅವಳು ಎರಡು ಸಲ ಕಂಡಿದ್ದಳು. ಎರಡನೆಯ ಸಲ ಮಾಯಮ್ಮನ ಸೆರಗು ಹಿಡಿದು ತಾನೂ ಸುತ್ತಿದ್ದಳು. ಇವತ್ತೇ, ಇಲ್ಲೇ, ಅವನನ್ನು ಹುಡುಕುವುದಕ್ಕೆ ಆ ಸುತ್ತು ಹಾಕಬೇಕೇ? ತನ್ನ ಕೈಯಾರೆ ಅವನಿಗೆ ಕೇಡು ತಂದಂತಾದರೆ?

'ಸುಮ್ಮನಿದ್ದರೂ ಅವನು ಹೋಗುತ್ತಾನೆ ಭಾನು. ಸುಮ್ಮನಿದ್ದೇ ತಾನೆ ಇಲ್ಲಿಯವರೆಗೆ ಬಂದದ್ದು.'

ಎಡಗೈಯನ್ನು ಗೋಡೆಗೆ ಊರಿದಳು. ನಡೆದಳು.

ಮೊದಲ ಮೂಲೆಯಲ್ಲಿ ಯಾರೂ ಇರಲಿಲ್ಲ. ಎರಡನೆಯ ಮೂಲೆಯಲ್ಲಿ ಮಂಜಿನೊಳಗಿಂದ ಒಂದು ಕೆಂಪು ಬೆಳಕು ನೆಲಬಿಟ್ಟು ತೇಲುತ್ತಾ ಅವಳೆದುರಿಗೇ ಬಂತು. ಅವಳು ಕಣ್ಣು ಮುಚ್ಚಿಕೊಂಡಳು.

"ಭಾನು?"

ನಾಲ್ಕನೆಯ ದೀಪ ಅವನ ಕೈಯಲ್ಲಿತ್ತು. ಅವನ ಮುಖ ಸುಣ್ಣದಂತಾಗಿತ್ತು.

ದಿಕ್ಕಿಲ್ಲದ ಸಮಾಧಿಗಳಿಗೆ ಸುತ್ತಿಗೊಂದು ದೀಪ ಇಡುತ್ತಾ ಅವಳನ್ನೇ ಕಾಯುತ್ತಿದ್ದನಂತೆ. ಹಿಂದೆ ಯಾರೋ ಹೆಜ್ಜೆಗೆ ಹೆಜ್ಜೆ ಕೊಟ್ಟು ಬರುವುದು ಕೇಳಿಸಿತಂತೆ. ಇಂಥ ಜಾಗದಲ್ಲಿ ತಿರುಗಿ ನೋಡಬಾರದೆಂದು ಹಾಗೇ ಮುಂದಕ್ಕೆ ನಡೆದನಂತೆ. ಹೇಳುವಾಗಲೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಅದು ನಾನೇ," ಎಂದಳು. ನಗಬೇಕೆಂದುಕೊಂಡರೆ ಅಳು ಬಂದುಬಿಟ್ಟಿತು. "ನಂಗೆ ಭಯ ಕೀರ್ತಿ. ನಾನು ಇಷ್ಟಪಟ್ಟೋರು ಯಾರೂ ಉಳಿದಿಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ. ಇಷ್ಟ ಇಲ್ದೆ ಅಲ್ಲ."

ಅವನು ದೀಪವನ್ನು ಹತ್ತಿರದ ಕಲ್ಲಿನ ಮೇಲಿಟ್ಟು ಅವಳ ಮರಗಟ್ಟಿದ ಕೈಯನ್ನು ತನ್ನೆರಡು ಅಂಗೈ ನಡುವೆ ತೆಗೆದುಕೊಂಡ.

"ಉಳೀತೀನಿ ಅಂತ ಮಾತು ಕೊಡಾಕೆ ನಾನು ದೇವ್ರಲ್ಲ. ಇರೋಗಂಟ ನಿಮ್ಮ ಪಕ್ಕದಾಗೇ ಇರ್ತೀನಿ. ಅಷ್ಟು ಸಾಕಾ?"

ಅವಳು ತಲೆಯಾಡಿಸಿದಳು. ದೂರದಲ್ಲಿ ಐದು ಬಾರಿಸಿತು. ಮಂಜು ಇನ್ನೂ ದಟ್ಟವಾಗಿ ಗೇಟು ಎಲ್ಲಿದೆ ಎಂಬುದೇ ತಿಳಿಯದಾಯಿತು.

"ಯಾವ ಕಡೆಯಿಂದ ಓಗಾನ?" ಅವನು ಕೇಳಿದ.

"ಯಾವ ಕಡೆಯಿಂದ ಆದ್ರೂ ಸರಿ," ಎಂದಳು ಭಾನುಪ್ರಿಯಾ. "ಒಟ್ಟಿಗೆ ಓಗಾನ."