ನಾಲ್ಕನೆಯ ಗಂಟು

"ಇದು ಒಬ್ಬರ ಬೆವರಲ್ಲಮ್ಮಾ," ಮಾಟದ ಮುದುಕಿ ಮಿಸ್ ಪರ್ಲೀ ಕರವಸ್ತ್ರವನ್ನು ಮೂಗಿಗೆ ಹಿಡಿದು ಹೇಳಿದಳು. "ಇಡೀ ಮನೆತನದ್ದು. ಗಂಟು ಹಾಕಿದ್ರೆ ಆ ರಕ್ತ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗಂಟಲು ಕಟ್ಟುತ್ತೆ. ಬೇಡ, ಸುಮ್ನೆ ಮನೆಗೆ ಹೋಗು."

ವರ್ಡೆಲ್ ಕಿಸಕ್ಕನೆ ನಕ್ಕಳು. "ಕಟ್ಟಲಿ ಬಿಡಿ. ನಾನೇನು ಅವರ ರಕ್ತಾನಾ? ಸೊಸೆ ನಾನು. ಅದನ್ನ ದಿನಕ್ಕೆ ಹತ್ತು ಸಲ ನೆನಪಿಸ್ತಾರೆ."

ಶಿಕಾಗೋದಲ್ಲಿ ಬೆಳೆದವಳಿಗೆ ಮೆಂಫಿಸ್‌ನ ಈ ಬೇರು-ನಾರಿನ ಮಾಟದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ನಂಬಿಕೆಯಿಲ್ಲದವಳನ್ನು ಹೊಟ್ಟೆಕಿಚ್ಚು ಎಳೆದು ತಂದಿತ್ತು. ಗಂಡ ರಾಸ್ಕೋ, ಮೈದುನ ಡಾಲ್ಫಸ್, ನಾದಿನಿ ಅರ್ನೆಸ್ಟೀನ್. ಚರ್ಚಿನಲ್ಲಿ ಹಾಡುತ್ತಿದ್ದ ಈ ಮೂವರು ಲಾಕ್‌ರಿಜ್ ಮಕ್ಕಳು 'ಸೋಲ್' ಎಂಬ ಪ್ರೇಮ-ವಿರಹದ ಹಾಡಿಗೆ ತಿರುಗಿದ ಮೂರೇ ವರ್ಷಕ್ಕೆ ಊರೂರಿನ ರೇಡಿಯೋದಲ್ಲೂ ಅವರದೇ ದನಿ. ವರ್ಡೆಲ್ ಹಿಂದೆ ನಿಂತು 'ಊ... ಊ...' ಎನ್ನುವವಳು. ಮುಂದಿನ ಮೈಕು ಅರ್ನೆಸ್ಟೀನಳದು. ಅಯ್ಯೋ, ಅವಳು ಬಾಯಿ ತೆರೆದರೆ ಸಾಕು, ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು! ವೇದಿಕೆ ಹತ್ತುವ ಮುನ್ನ ಅತ್ತೆ ತನ್ನ ಬಿಳಿ ಕರವಸ್ತ್ರದಿಂದ ಮೂವರ ಗಂಟಲನ್ನೂ ಒರೆಸಿ ಹರಸುವಳು. ಒಮ್ಮೆ ವರ್ಡೆಲ್ ಕೂಡ ಕತ್ತು ಚಾಚಿದ್ದಳು. "ಇದು ನಮ್ಮನೆಯವರಿಗಮ್ಮಾ," ಎಂದು ಅತ್ತೆ ಅದನ್ನು ಮಡಚಿಟ್ಟುಕೊಂಡಿದ್ದಳು. ಆ ಕರವಸ್ತ್ರವನ್ನೇ ವರ್ಡೆಲ್ ಈಗ ಕದ್ದು ತಂದಿದ್ದಳು.

"ಬಿಚ್ಚಬೇಕಂದ್ರೆ ಒಂದು ಗಂಟಲು ಕೊಡ್ಬೇಕಾಗುತ್ತೆ," ಎಂದಳು ಮುದುಕಿ.

"ಆಗ ನೋಡೋಣ. ಕಟ್ಟಿ ನೀವು."

ಕಿಟಕಿ ಮುಚ್ಚಿತು. ನಡುಮಧ್ಯಾಹ್ನವೇ ಕತ್ತಲಾಯಿತು. ಕರ್ಪೂರ, ಸೀಮೆಎಣ್ಣೆ, ಗೋರಿಯ ಹಸಿಮಣ್ಣು, ಎಲ್ಲವೂ ಕಲೆತ ವಾಸನೆಗೆ ವರ್ಡೆಲ್‌ಗೆ ಹೊಟ್ಟೆ ತೊಳಸಿತು. ಬಟ್ಟೆ ಬಿಗಿಯುವ ಕಿರ್ ಸದ್ದು. ಒಂದು. ಎರಡು. ಮೂರು. ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. ನಾಲ್ಕನೆಯ ಗಂಟು ತಾನಾಗಿಯೇ ಬಿತ್ತು.

"ಇದು ಯಾರದು?" ಮುದುಕಿಯ ದನಿ ನಡುಗಿತು.

"ನಮ್ಮತ್ತೇದಿರಬೇಕು. ಒಳ್ಳೇದೇ ಆಯ್ತು!"

ಮುಂದಿನ ಶನಿವಾರ ತುಂಬಿದ ಸಭೆಯೆದುರು ಅರ್ನೆಸ್ಟೀನಳ ದನಿ ಅರ್ಧ ಹಾಡಿಗೇ ನಿಂತಿತು. ವಾರದೊಳಗೆ ಡಾಲ್ಫಸ್. ಆಮೇಲೆ ರಾಸ್ಕೋ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ ಕೈಚೆಲ್ಲಿದರು. ಮುಂದಿನ ಮೈಕು ಕೊನೆಗೂ ವರ್ಡೆಲ್‌ಗೆ ಸಿಕ್ಕಿತು. ಎರಡು ಸಾಲು ಹಾಡುವಷ್ಟರಲ್ಲಿ, "ಅರ್ನೆಸ್ಟೀನ್ ಎಲ್ಲಮ್ಮಾ? ಅವಳನ್ನ ಕರಿ!" ಎಂದು ಜನ ಕೂಗಿದರು. ಆಮೇಲೆ ಹಾಡುವ ಕರೆಗಳೇ ನಿಂತವು. ಮನೆಯಲ್ಲಿ ಮಾತಾಡುವವರು ಇಬ್ಬರೇ ಉಳಿದರು. ಅತ್ತೆ ಬೆಳಗಿನಿಂದಲೇ ಗಟ್ಟಿಯಾಗಿ ಪ್ರಾರ್ಥಿಸುವಳು. ಅವಳ ದನಿಗೆ ಏನೂ ಆಗಿರಲಿಲ್ಲ; ಅವಳೂ ಆ ಮನೆಗೆ ಸೊಸೆಯಾಗಿ ಬಂದವಳೇ.

ಅದನ್ನು ಯೋಚಿಸುವ ಪುರುಸೊತ್ತು ವರ್ಡೆಲ್‌ಗಿರಲಿಲ್ಲ. ವೇದಿಕೆಯ ಉಡುಪು ಹೊಟ್ಟೆಗೆ ಬಿಗಿಯಾಗತೊಡಗಿತ್ತು. ತಿಂಗಳು ಎಣಿಸಿದಳು. ಮುದುಕಿಯ ಮನೆಗೆ ಹೋದಾಗಲೇ ಬಸುರಿ.

ಮಗು ಹುಟ್ಟಿತು. ಗಂಡು. ಸೂಲಗಿತ್ತಿ ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿದಳು. ಬಾಯಿ ಅಗಲವಾಯಿತು. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು. ಸದ್ದಿಲ್ಲ. ಮತ್ತೆ ತಟ್ಟಿದಳು. ಸದ್ದಿಲ್ಲ.

ನಾಲ್ಕನೆಯ ಗಂಟು.

ಹಸಿ ಬಾಣಂತಿ ಮಗುವನ್ನೆತ್ತಿಕೊಂಡು ಓಡಿದಳು. ಬರಿಗಾಲು. ಕಾಲಗುಂಟ ರಕ್ತ. ಅದೇ ಬಾಗಿಲು. ಅದೇ ವಾಸನೆ.

"ಬಿಚ್ಚಿ! ನಿಮ್ಮ ಕಾಲಿಗೆ ಬೀಳ್ತೀನಿ, ಬಿಚ್ಚಿ!"

"ಯಾರ ಗಂಟಲು ಕೊಡ್ತೀಯ?"

"ನಂದು. ನಂದೇ ತಗೊಳ್ಳಿ."

ತಣ್ಣನೆಯ ಬೆರಳೊಂದು ಅವಳ ಗಂಟಲೊಳಗೆ ಇಳಿದ ಹಾಗಾಯಿತು. ಉಸಿರು ಕಟ್ಟಿತು. ನಾಲ್ಕೂ ಗಂಟು ಸಡಿಲಿದವು. ಮಗು ಕಿಟಾರನೆ ಕಿರುಚಿತು. 'ಕಂದಾ' ಎನ್ನಹೋದಳು. ಬರೀ ಗಾಳಿ ಬಂತು.

ಮನೆಗೆ ಬಂದರೆ ಮೂವರೂ ಮಾತಾಡುತ್ತಿದ್ದರು, ಅಳುತ್ತಿದ್ದರು. ರೇಡಿಯೋದವರು ಆಗಲೇ ಬೇರೆಯವರ ಹಿಂದೆ ಹೋಗಿದ್ದರು, ಆ ಮಾತು ಬೇರೆ. ಅತ್ತೆ ಸೊಸೆಯ ಕೈಯಲ್ಲಿದ್ದ ಕರವಸ್ತ್ರದ ಸುಕ್ಕುಗಳನ್ನು ನೋಡಿದಳು, ಅವಳ ಮುಖ ನೋಡಿದಳು, ಅದನ್ನು ಕೈಗೆ ತೆಗೆದುಕೊಂಡಳು. ಮಗುವಿನ ಗಂಟಲನ್ನು ಒರೆಸಿ, ಅದನ್ನು ಮಡಚಿಟ್ಟುಕೊಂಡಳು.

ಮಗು ಅಳು ನಿಲ್ಲಿಸಲಿಲ್ಲ. ವರ್ಡೆಲ್ ತೂಗಿದಳು, ತಟ್ಟಿದಳು, ಮೊಲೆಗೊಟ್ಟಳು. ಊಹೂಂ.

"ಇಲ್ಲಿ ಕೊಡಿ ಅತ್ತಿಗೆ, ಪಾಪ," ಎಂದು ಅರ್ನೆಸ್ಟೀನ್ ಮಗುವನ್ನೆತ್ತಿಕೊಂಡು ಜೋಗುಳ ಶುರು ಮಾಡಿದಳು. ಒಂದೇ ಸಾಲಿಗೆ ಮಗು ಗಪ್‌ಚಿಪ್. ಸೋದರತ್ತೆಯ ಬೆರಳು ಹಿಡಿದು, ಅವಳ ಬಾಯನ್ನೇ ನೋಡುತ್ತ ಮಲಗಿತು.

ವರ್ಡೆಲ್‌ಗೆ ಹೊಟ್ಟೆಯಲ್ಲಿ ಹಳೆಯ ಬೆಂಕಿ ಮತ್ತೆ ಹತ್ತಿತು. 'ಕೊಡೇ, ನನ್ನ ಮಗು ಅದು,' ಎನ್ನಲು ಬಾಯಿ ತೆರೆದಳು.

ಅರ್ನೆಸ್ಟೀನ್ ಕಣ್ಣು ಮುಚ್ಚಿಕೊಂಡು ಎರಡನೆಯ ಸಾಲು ಹಾಡುತ್ತಿದ್ದಳು.